ದೊಡ್ಡಿಯಲ್ಲಿ ಕೂತವಳು

ಚೂಡಾಮಣಿ ಟೀಚರ್ ಸೀರೆಯ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದರೆ ನಾನು ಏಳಬೇಕು. ಕನ್ನಡಕ ತೆಗೆದು ಒರೆಸಿದರೆ ಮೆಹರ್ ಏಳಬೇಕು. ಮೈದಾನದ ಆ ತುದಿಯಲ್ಲಿ ಅವರ ಬೆಂಚು, ಈ ತುದಿಯಲ್ಲಿ ಊರಿನ ಹಳೆಯ ದನದ ದೊಡ್ಡಿ. ದೊಡ್ಡಿಯ ಬಾಗಿಲ ಸಂದಿಯಿಂದ ಅವರ ಸೆರಗನ್ನೂ ಕನ್ನಡಕವನ್ನೂ ಕಾಯುತ್ತ ನಾವಿಬ್ಬರೂ ಕೂತಿರುತ್ತಿದ್ದೆವು. ಈಗಲೂ ಯಾವಳಾದರೂ ಕೆಲಸಕ್ಕೆ ಇಳಿಯುವ ಮೊದಲು ಸೆರಗು ಸಿಕ್ಕಿಸಿದರೆ ನನ್ನ ಎಡತೋಳು ತಾನಾಗಿ ಬಿಗಿಯುತ್ತದೆ.

ನಮ್ಮೂರಲ್ಲಿ ಹೆಂಗಸರು ಬೇಸ್‌ಬಾಲ್ ಆಡುತ್ತಿದ್ದರು ಎಂದರೆ ಇವತ್ತು ಯಾರೂ ನಂಬುವುದಿಲ್ಲ. ಟೀಚರ್ ವ್ಯಾಯಾಮ ಶಿಕ್ಷಣದ ಕಾಲೇಜಿನಲ್ಲಿ ಆ ಆಟ ಕಲಿತು ಬಂದು, ಶಾಲೆಯ ಹುಡುಗಿಯರಿಗೆ ಕಲಿಸಿ, ಆ ಹುಡುಗಿಯರು ದೊಡ್ಡವರಾದ ಮೇಲೂ ಬಿಡದೆ ಆಡಿಸಿದರು. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವಳನ್ನು ಪಿಚರ್ ಎನ್ನುತ್ತಾರೆ. ಕ್ರಿಕೆಟ್ಟಿನ ಬೌಲರು ಸುಸ್ತಾದರೆ ಬೇರೆ ಕಡೆ ನಿಂತು ಸುಧಾರಿಸಿಕೊಂಡು ಮತ್ತೆ ಬರಬಹುದು. ಇಲ್ಲಿ ಹಾಗಿಲ್ಲ, ಒಮ್ಮೆ ಆಟದಿಂದ ಹೊರಗೆ ಕರೆಸಿಕೊಂಡರೆ ಆ ಪಂದ್ಯದಲ್ಲಿ ಅವಳ ಕತೆ ಮುಗಿಯಿತು. ಬ್ಯಾಟು ಬೀಸುವವರಿಗೂ ಅದೇ ನಿಯಮ. ಹಾಗಾಗಿ ಯಾರನ್ನು ಯಾವಾಗ ಇಳಿಸಬೇಕು, ಯಾರನ್ನು ಏರಿಸಬೇಕು ಎಂಬುದರಲ್ಲೇ ಮ್ಯಾನೇಜರ್ ಆದವರ ಜಾಣತನವೆಲ್ಲ ಇರುತ್ತದೆ.

ಪಂದ್ಯದ ಮೊದಲಿನಿಂದ ಎಸೆಯುವವಳು ಅಂಬುಜಾಕ್ಷಿ. ಗಟ್ಟಿಗಿತ್ತಿ, ಬಾಯಿಯೂ ಅಷ್ಟೇ ಗಟ್ಟಿ. ಅವಳ ತೋಳು ಸೋಲುವ ಹೊತ್ತಿಗೆ ದೊಡ್ಡಿಯಿಂದ ನಾನೋ ಮೆಹರೋ ಹೋಗಬೇಕು. ಸೋಲುವ ಹೊತ್ತು ಅಂದೆನಲ್ಲ, ಟೀಚರ್ ಕೇಳಿದ್ದರೆ ತಿದ್ದುತ್ತಿದ್ದರು. "ಹಾಲು ಉಕ್ಕೋಕೆ ಮೊದಲು ಇಳಿಸ್ಬೇಕು ಕಣ್ರೇ. ಉಕ್ಕಿದ ಮೇಲೆ ಇಳಿಸೋಳು ಒಲೆ ಒರೆಸ್ತಾ ಕೂರ್ಬೇಕಾಗತ್ತೆ" ಎನ್ನುತ್ತಿದ್ದರು.

ಮೆಹರ್ ಬಲಗೈಯವಳು, ನಾನು ಎಡಚಿ. ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು, ಅದೇ ಕೈಗೆ ಮೈದಾನದಲ್ಲಿ ಎಲ್ಲಿಲ್ಲದ ಮರ್ಯಾದೆ. ಎಡಗೈಯಲ್ಲಿ ಬ್ಯಾಟು ಬೀಸುವವಳಿಗೆ ಎಡಗೈಯ ಎಸೆತವೆಂದರೆ ಕಷ್ಟ, ಚೆಂಡು ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ. ಬಲಗೈಯವರಿಗೆ ಮೆಹರ್ ಕಷ್ಟ. ಎದುರಾಳಿ ಯಾರು ಎಂದು ನೋಡಿ ಟೀಚರ್ ಗುರುತು ಕೊಡುತ್ತಿದ್ದರು. ನಾವು ಗೋಡೆಗೆ ಕಟ್ಟಿದ ಗೋಣಿಚೀಲಕ್ಕೆ ಚೆಂಡೆಸೆದು ತೋಳು ಬಿಸಿ ಮಾಡಿಕೊಳ್ಳುತ್ತಿದ್ದೆವು. ದೊಡ್ಡಿಯ ಗೋಡೆ ಎತ್ತರ, ಒಳಗೆ ಯಾರು ಎದ್ದರು ಎಂದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಆ ಗುರುತಾದರೂ ದೊಡ್ಡಿಯಲ್ಲಿ ಕೂರುವವರಿಗಲ್ಲದೆ ತಂಡದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹೊಳೆಯಾಚೆಯ ಊರಿಗೂ ನಮಗೂ ಹಿಂದಿನಿಂದ ಜಿದ್ದು. ಅವರಲ್ಲಿ ಸಮತಟ್ಟಾದ ಮೈದಾನ ಇಲ್ಲದ್ದರಿಂದ ಪಂದ್ಯಗಳೆಲ್ಲ ನಮ್ಮಲ್ಲೇ ನಡೆಯುತ್ತಿದ್ದವು, ಗೆಲ್ಲುತ್ತಿದ್ದವರೂ ನಾವೇ. ಆ ವರ್ಷ ಅವರ ತಂಡವನ್ನು ಸರ್ವಮಂಗಳ ಎಂಬಾಕೆ ವಹಿಸಿಕೊಂಡಳು. ನಮ್ಮೂರ ಹೆಣ್ಣುಮಗಳೇ, ನಮಗಿಂತ ತುಂಬ ಹಿರಿಯಳು, ಬ್ಯಾಟಿಗೆ ಹೆಸರಾಗಿದ್ದು ಆಮೇಲೆ ಆ ಊರಿಗೆ ಸೊಸೆಯಾಗಿ ಹೋದವಳು. ಅದೇ ವರ್ಷ ನನ್ನ ಅಕ್ಕನನ್ನೂ ಆ ಊರಿಗೇ ಕೊಟ್ಟಿದ್ದೆವು.

ಮೊದಲ ಪಂದ್ಯ ಸೋತೆವು. ಎರಡನೆಯದನ್ನೂ ಸೋತೆವು. ಸೋಲು ದೊಡ್ಡದಲ್ಲ, ಸೋತ ರೀತಿ ಎಲ್ಲರನ್ನೂ ಕೊರೆಯತೊಡಗಿತು. ನಾನು ದೊಡ್ಡಿಯ ಬಾಗಿಲು ದಾಟುವ ಮೊದಲೇ ಅವರ ಎಡಗೈಯವಳು ಬೆಂಚಿಗೆ ಹೋಗಿ, ಬಲಗೈಯವಳೊಬ್ಬಳು ಬ್ಯಾಟು ಹಿಡಿದು ಸಿದ್ಧಳಾಗಿರುತ್ತಿದ್ದಳು. ಮೆಹರ್ ಬರುವಾಗ ಇದರ ಉಲ್ಟಾ. ದೊಡ್ಡಿಯೊಳಗೆ ಯಾರು ಎದ್ದರೆಂದು ಅವರಿಗೆ ಹೇಗೋ ಗೊತ್ತಾಗುತ್ತಿತ್ತು.

"ಗುರುತು ಬದಲಾಯಿಸಿ ಟೀಚರ್. ಯಾರೋ ಹೇಳಿಕೊಡ್ತಿದಾರೆ" ಎಂದಳು ಅಂಬುಜಾಕ್ಷಿ.

ಟೀಚರ್ ಹೊಳೆಯ ಕಡೆ ನೋಡಿದರು. ಆಮೇಲೆ, "ಬದಲಾಯಿಸಿ ಏನುಪಯೋಗ? ಹೇಳೋರು ಹೊಸದನ್ನೂ ಹೇಳ್ತಾರೆ" ಎಂದರು.

ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಗುರುತು ಗೊತ್ತಿದ್ದವರು ಇಬ್ಬರು, ಅವರಲ್ಲಿ ಪ್ರತಿ ಶನಿವಾರ ಹೊಳೆ ದಾಟಿ ಅಕ್ಕನ ಮನೆಗೆ ಹೋಗುತ್ತಿದ್ದವಳು ಒಬ್ಬಳು. ಅದನ್ನು ಲೆಕ್ಕ ಹಾಕಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಾನು ಸುಮ್ಮನಿರುವವಳಲ್ಲ. ಆದರೆ ಅವತ್ತು ಬಾಯಿ ತೆರೆಯಲಿಲ್ಲ. ಕೂಗಾಡಿದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎನ್ನುತ್ತಾರೆ, ತಂಡ ಬಿಟ್ಟರೆ ತಪ್ಪು ಒಪ್ಪಿಕೊಂಡಳು ಎನ್ನುತ್ತಾರೆ. ಆಡಿಕೊಳ್ಳುವವರ ಬಾಯಿಗೆ ಎರಡು ಕಡೆಯೂ ಬಾಗಿಲು. ಟೀಚರಾದರೂ ಒಂದು ಮಾತು ಹೇಳುತ್ತಾರೆಂದು ಕಾದೆ. ಅವರು ಹೇಳಿದ್ದು, "ನಾವು ಸ್ವಲ್ಪ ಮಾತಾಡ್ಕೋಬೇಕು, ನೀನು ಆಚೆ ಕೂತು ಚೆಂಡುಗಳನ್ನ ಒರೆಸು" ಎಂದು. ಅವತ್ತಿನಿಂದ ತಂಡದ ಮಾತುಕತೆಯೆಲ್ಲ ನನ್ನನ್ನು ಆಚೆ ಕೂರಿಸಿಯೇ ನಡೆಯಿತು.

ಅನುಮಾನ ತುರಿಕೆಯ ಹಾಗೆ, ಅಂಟಿದವರು ಇನ್ನೊಬ್ಬರಿಗೆ ಅಂಟಿಸುತ್ತಾರೆ. ನಾನು ಹೇಳಿಲ್ಲವೆಂದು ನನಗೆ ಗೊತ್ತಿತ್ತು, ಹಾಗಾದರೆ ಉಳಿದವಳು ಮೆಹರ್. ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದವರು ದೊಡ್ಡಿಯ ಎರಡು ಮೂಲೆ ಹಿಡಿದು ಕೂತೆವು. ಅವಳು ಕೆಮ್ಮಿದರೆ ಯಾಕೆ ಕೆಮ್ಮಿದಳು ಎಂದು ನೋಡುವೆ. ನಾನು ತಲೆಗೂದಲು ಬಿಚ್ಚಿ ಕಟ್ಟಿದರೆ ಅವಳು ಬಾಗಿಲ ಸಂದಿಯಿಂದ ಹೊರಗೆ ಇಣುಕಿ, ಅದನ್ನು ಯಾರಾದರೂ ಕಂಡರೇನೋ ಎಂದು ಹುಡುಕುವಳು. ಊರಲ್ಲಂತೂ ಕೇಳಬೇಡಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯೋರ್ಯಾರು ಎಂದು ಹೂವಿನ ಅಂಗಡಿಯವಳೂ ನನಗೆ ಕೇಳುವಂತೆ ಹೇಳಿದಳು.

ಅಂಥ ಹೊತ್ತಿನಲ್ಲಿ ಅಕ್ಕನ ಸೀಮಂತ ಬಂತು. ಭಾವ ತಾವೇ ಬಂದು ಕರೆದರು. ತಂಗಿಯೇ ಮೊದಲ ಬಳೆ ತೊಡಿಸಬೇಕು ಎಂದು ಅಕ್ಕ ಹೇಳಿ ಕಳಿಸಿದ್ದಳು. ಅಭ್ಯಾಸ ತಪ್ಪಿಸಲು ಅಪ್ಪಣೆ ಬೇಕಲ್ಲ, ಟೀಚರನ್ನು ಕೇಳಿದೆ. ತಂಡದವರೆಲ್ಲ ಅಲ್ಲೇ ಇದ್ದರು.

"ಹೋಗೋದು ಬಿಡೋದು ನಿನಗೆ ಬಿಟ್ಟಿದ್ದು" ಎಂದರು ಟೀಚರ್. "ಆದ್ರೆ ಜನ ಏನಂತಾರೆ ಅಂತ ನೀನೇ ಯೋಚನೆ ಮಾಡು."

"ಹೋಗ್ಲಿ ಬಿಡಿ ಟೀಚರ್, ಪಾಪ, ಎಷ್ಟು ದಿನದ ಸುದ್ದಿ ಹೇಳೋದು ಉಳಿದಿದೆಯೋ" ಎಂದಳು ಅಂಬುಜಾಕ್ಷಿ.

ನಾನು ಹೋಗಲಿಲ್ಲ. ಅಮ್ಮ ಒಬ್ಬಳೇ ಹೋದಳು. ಶಾಸ್ತ್ರ ಮುಗಿಸಿ, ಮೊದಲ ಹೆರಿಗೆಗೆ ಅಕ್ಕನನ್ನು ತವರಿಗೆ ಕರೆತರಬೇಕಿತ್ತು. ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ಮಗುವಿಗೆಂದು ಮಡಿಸಿಟ್ಟಿದ್ದಳು ಅಮ್ಮ. ಆದರೆ ಬಂದದ್ದು ಅವಳೊಬ್ಬಳೇ.

"ನಾನು ಸೇರಿದ ಊರು ಅಂದ್ರೆ ನನ್ನ ತಂಗಿಗೆ ಅಸಹ್ಯ ಆಗಿದ್ರೆ, ನನಗೂ ಆ ಮನೆ ಬೇಡ. ಅವಳೇ ಬಂದು ಕರೆದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲೇ ಹೆರ್ತೀನಿ, ಅಂದ್ಲು" ಎಂದು ಹೇಳಿ ಅಮ್ಮ ಕೈಕಾಲು ತೊಳೆಯದೆ ಹಾಗೆಯೇ ಕೂತುಬಿಟ್ಟಳು.

ಅಂತಿಮ ಪಂದ್ಯ ಮುಗಿದ ಮರುದಿನವೇ ಹೋಗಿ ಕರೆತರುತ್ತೇನೆ ಎಂದೆ. ಪಂದ್ಯ ಮುಗಿದರೆ ಹೊಳೆ ದಾಟಲು ಯಾರ ಅಂಜಿಕೆ? ಆ ದಿನಗಳಲ್ಲಿ ಗೆಲುವು ಸೋಲು ಯಾವುದೂ ನನಗೆ ಬೇಕಿರಲಿಲ್ಲ. ಅಕ್ಕ ನಮ್ಮ ಮನೆಯಲ್ಲಿ ಹೆರಬೇಕು, ಅಷ್ಟೇ ಬೇಕಿತ್ತು.

ಪಂದ್ಯದ ಬೆಳಿಗ್ಗೆ ಟೀಚರ್ ನನ್ನೊಬ್ಬಳನ್ನೇ ದೊಡ್ಡಿಯ ಹಿಂಬದಿಗೆ ಕರೆದರು.

"ಇವತ್ತು ಉಲ್ಟಾ. ಕನ್ನಡಕ ಒರೆಸಿದ್ರೆ ನೀನು ಏಳು. ಮೆಹರ್‌ಗೆ ಹೇಳ್ಬೇಡ."

"ಯಾಕೆ ಟೀಚರ್?"

"ಹೇಳಿದಷ್ಟು ಮಾಡು."

ಇದು ನನಗೆ ಹೂಡಿದ ಬೋನು ಎಂದೇ ತಿಳಿದೆ. ನನಗೊಬ್ಬಳಿಗೇ ಹೇಳಿದ ಗುಟ್ಟು ಆಚೆ ಹೋದರೆ ಕಳ್ಳಿ ಸಿಕ್ಕಿಬಿದ್ದ ಹಾಗೆ! ಅವತ್ತು ಬೆಳಿಗ್ಗೆಯಿಡೀ ನಾನು ಯಾರ ಜೊತೆಗೂ ಮಾತಾಡಲಿಲ್ಲ. ನೀರು ಬೇಕಾ ಎಂದು ಕೇಳಿದವರಿಗೂ ತಲೆಯಾಡಿಸಿದೆ, ಅಷ್ಟೇ.

ಕೊನೆಯ ಸರದಿಯವರೆಗೆ ಅಂಬುಜಾಕ್ಷಿ ಒಬ್ಬಳೇ ಎಳೆದಳು. ನಾವು ಒಂದು ರನ್ನು ಮುಂದಿದ್ದೆವು, ಅವರ ಕೊನೆಯವಳನ್ನು ಔಟು ಮಾಡುವುದಷ್ಟೇ ಬಾಕಿ. ಆದರೆ ಅವರ ಓಟಗಾರ್ತಿಯರು ಓಡಿ ಮುಟ್ಟಬೇಕಾದ ಮೂರು ಬೇಸುಗಳಲ್ಲೂ ನಿಂತಿದ್ದರು, ಒಂದು ಒಳ್ಳೆಯ ಹೊಡೆತ ಬಿದ್ದರೆ ಅಂತಿಮ ಪಂದ್ಯ ಗೆದ್ದವರಿಗೆ ಸಲ್ಲುವ ಕಪ್ ಹೊಳೆ ದಾಟುತ್ತಿತ್ತು. ಬ್ಯಾಟು ಹಿಡಿಯಲು ಬರುತ್ತಿದ್ದವಳು ಬಲಗೈಯವಳು. ಟೀಚರ್ ಎದ್ದು ನಿಂತರು. ಸೆರಗು ಮುಟ್ಟಲಿಲ್ಲ. ಕನ್ನಡಕ ತೆಗೆದು, ಅದೇ ಸೆರಗಿನ ತುದಿಯಲ್ಲಿ ನಿಧಾನವಾಗಿ ಒರೆಸಿದರು.

ಮೆಹರ್ ಎದ್ದಳು. ನಾನೂ ಎದ್ದೆ.

"ನೀನ್ಯಾಕೆ ಏಳ್ತೀಯ? ಒರೆಸಿದ್ದು ಕನ್ನಡಕ" ಎಂದಳು ಮೆಹರ್.

ನಾನು ಗೋಣಿಚೀಲಕ್ಕೆ ಎಸೆಯತೊಡಗಿದೆ. "ಯಾ ಅಲ್ಲಾ, ಇವತ್ತೂ ಏನು ಆಟ ಹೂಡಿದೀಯ?" ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು. ಅವಳ ಕಣ್ಣಿನಲ್ಲಿ ಆಗ ಕಂಡದ್ದನ್ನು ಗೆಳತಿಯೊಬ್ಬಳ ಕಣ್ಣಿನಲ್ಲಿ ಯಾರೂ ಕಾಣಬಾರದು.

ಹೊರಗೆ ಸರ್ವಮಂಗಳ ಆಗಲೇ ಕೈ ಎತ್ತಿದ್ದಳು. ಮೆಹರ್ ಬರುವಳೆಂದು ನಂಬಿ ತನ್ನ ಬಲಗೈಯವಳನ್ನು ಕೂರಿಸಿ, ಎಡಗೈಯ ಹುಡುಗಿಯೊಬ್ಬಳನ್ನು ಕಳಿಸಿದಳು. ಅವಳ ಬೆಂಚಿನಲ್ಲಿ ಉಳಿದಿದ್ದ ಕೊನೆಯ ಬದಲಿ ಆಟಗಾರ್ತಿ ಅವಳೇ. ಅಂಪೈರು ಆ ಹುಡುಗಿಯ ಹೆಸರು ಕೂಗಿದ ಮೇಲೆ ಟೀಚರ್ ದೊಡ್ಡಿಯ ಕಡೆ ತಿರುಗಿ ನನ್ನ ಹೆಸರು ಹಿಡಿದು ಕರೆದರು. ಮೆಹರ್ ಬಾಯಿ ತೆರೆದು ನನ್ನನ್ನೇ ನೋಡಿದಳು, ಆಮೇಲೆ ದಾರಿ ಬಿಟ್ಟಳು.

ಎಡಚಿಗೆ ಎಡಚಿ ಎದುರಾದಳು. ನನ್ನ ಚೆಂಡುಗಳು ಅವಳ ಬೆನ್ನ ಹಿಂದಿನಿಂದಲೇ ಹೊರಟವು. ಪಾಪದ ಹುಡುಗಿ, ಮೊದಲೆರಡಕ್ಕೆ ಬೆಚ್ಚಿ ಹಿಂದೆ ಸರಿದಳು, ಮೂರನೆಯದಕ್ಕೆ ಕಣ್ಣು ಮುಚ್ಚಿ ಬೀಸಿದಳು. ಅದೂ ಅವಳ ಬ್ಯಾಟಿಗೆ ಸಿಗಲಿಲ್ಲ. ಮೂರು ಒಳ್ಳೆಯ ಎಸೆತ ತಪ್ಪಿದರೆ ಬೇಸ್‌ಬಾಲಿನಲ್ಲಿ ಔಟು.

ಊರು ಮೈದಾನಕ್ಕೆ ನುಗ್ಗಿತು. ಮೊದಲು ಅಪ್ಪಿಕೊಂಡವಳು ಅಂಬುಜಾಕ್ಷಿಯೇ. ಅವಳ ಹೆಗಲ ಮೇಲಿಂದ ಸರ್ವಮಂಗಳ ಕಂಡಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ತನ್ನೂರಿನ ಜನ ಕೂತಿದ್ದ ಕಡೆ ತಿರುಗಿ ಯಾರನ್ನೋ ಹುಡುಕುತ್ತಿದ್ದಳು. ಅವಳ ಕಣ್ಣು ನನ್ನ ಭಾವನ ಮೇಲೆ ಹೋಗಿ ನಿಂತಿತು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಗದ್ದಲ ತಗ್ಗಿದ ಮೇಲೆ ದೊಡ್ಡಿಗೆ ಹೋದೆ. ಟೀಚರ್ ಗೋಣಿಚೀಲ ಬಿಚ್ಚುತ್ತಿದ್ದರು.

"ಅವರಿಗೆ ಗುರುತು ಹೇಗೆ ಗೊತ್ತಾಗಿತ್ತು ಟೀಚರ್?"

"ಬ್ಯಾಟು ಹಿಡಿಯೋಕೆ ಮೊದಲು ಸರ್ವಮಂಗಳ ಒಂದು ವರ್ಷ ಇಲ್ಲೇ ಕೂತಿದ್ಲು ಕಣೇ, ನೀನು ಕೂರೋ ಜಾಗದಲ್ಲೇ. ಆಗ್ಲೂ ಇದೇ ಸೆರಗು, ಇದೇ ಕನ್ನಡಕ. ಬದಲಾಯಿಸ್ಬೇಕು ಅಂತ ನನ್ನ ತಲೆಗೇ ಬಂದಿರ್ಲಿಲ್ಲ. ಎರಡನೇ ಪಂದ್ಯ ಸೋತಾಗ ಬಂತು."

"ಬಂದ ಮೇಲಾದ್ರೂ ಬದಲಾಯಿಸಬಹುದಿತ್ತಲ್ಲ?"

"ಬದಲಾಯಿಸಿದ್ರೆ ಅವಳಿಗೆ ತಿಳೀತಿತ್ತು. ಹಾಗೇ ಇಟ್ಕೊಂಡು, ಬೇಕಾದ ದಿನ ಒಂದೇ ಒಂದು ಸಲ ಸುಳ್ಳು ಗುರುತು ಕೊಡ್ಬೇಕು ಅಂತಿದ್ದೆ. ಕಳ್ಳಿ ನೀನೇ ಅಂತ ನಮ್ಮೂರು ನಂಬಿದ್ರೆ ಆ ಸುದ್ದಿ ಹೊಳೆ ದಾಟತ್ತೆ, ಅವಳು ನಿಶ್ಚಿಂತೆಯಾಗಿರ್ತಾಳೆ. ಹಾಗೇ ಆಯ್ತು ನೋಡು."

"ನನ್ನ ಮೇಲೆ ನಿಮಗೆ ಅನುಮಾನ ಇತ್ತಾ?"

"ಛೆ, ಒಂದು ದಿನಾನೂ ಇಲ್ಲ."

ಅನುಮಾನವಿತ್ತು ಎಂದಿದ್ದರೆ ಕ್ಷಮಿಸುತ್ತಿದ್ದೆ. ತಿಳಿಯದೆ ಅನುಮಾನಿಸಿದ ಮೆಹರನ್ನು ಅಲ್ಲಿಂದ ಹೊರಬಿದ್ದ ಕೂಡಲೇ ಕ್ಷಮಿಸಿದೆ, ಅವಳೂ ನನ್ನನ್ನು. ಆದರೆ ಇವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಮುಂದೆ ಚೆಂಡು ಒರೆಸಲು ಕೂರಿಸಿದರು. ಗೊತ್ತಿದ್ದೂ ಜನ ಏನಂತಾರೆ ಯೋಚನೆ ಮಾಡು ಎಂದರು.

"ಅಕ್ಕನ ಸೀಮಂತ..." ಎಂದೆ.

"ಗೊತ್ತು" ಎಂದರು ಟೀಚರ್, ಚೀಲ ಮಡಿಸುತ್ತಲೇ. "ಪಿಚರ್‌ನ ಬಳಸೋದು ಅಂದ್ರೆ ಬರೀ ಚೆಂಡು ಎಸೆಸೋದಲ್ಲ ಕಣೇ. ಹೊರಗೆ ಕೂರಿಸೋದೂ ಬಳಸೋದೇ." ಅವರ ದನಿಯಲ್ಲಿ ಮೋಸವಿರಲಿಲ್ಲ, ಪಾಠ ಹೇಳುವ ದನಿಯೇ ಇತ್ತು. ನನಗೆ ಮೈ ಉರಿದುಹೋಯಿತು. ಕೈಯಲ್ಲಿದ್ದ ಚೆಂಡನ್ನು ಅವರ ಕಾಲ ಬಳಿ ಇಟ್ಟು ಬಂದೆ. ಮತ್ತೆಂದೂ ಆ ದೊಡ್ಡಿಗೆ ಹೋಗಲಿಲ್ಲ.

ಮರುದಿನ ಹೊತ್ತೇರುವ ಮುಂಚೆ ಹೊಳೆ ದಾಟಿದೆ. ಅಕ್ಕನ ಬೀದಿಯಲ್ಲಿ ಹಿಂದೆಲ್ಲ ಮಾತಾಡಿಸುತ್ತಿದ್ದ ಹೆಂಗಸರು ನನ್ನನ್ನು ಕಂಡು ರಂಗೋಲಿಯ ಮೇಲೇ ಕಣ್ಣಿಟ್ಟರು. ಬಾಗಿಲು ತಟ್ಟಿದೆ. ಬಾಗಿಲು ತೆರೆಯಲಿಲ್ಲ, ಪಕ್ಕದ ಕಿಟಕಿ ತೆರೆಯಿತು. ಅಕ್ಕ ಕಿಟಕಿಗೆ ಹೊಟ್ಟೆ ತಾಗದಂತೆ ಓರೆಯಾಗಿ ನಿಂತಿದ್ದಳು.

"ಕರ್ಕೊಂಡು ಹೋಗೋಕೆ ಬಂದೆ ಅಕ್ಕ. ನಾನೇ ಬಂದಿದೀನಿ ನೋಡು."

ಅವಳು ಬೀದಿಯ ಎರಡೂ ಕಡೆ ನೋಡಿದಳು. "ಯಾರು ಕಳಿಸಿದ್ರು?"

"ಯಾರು ಕಳಿಸ್ತಾರೆ? ಅಮ್ಮ ಕೋಣೆಗೆ ಸುಣ್ಣ ಬಳಿಸಿ ಕಾಯ್ತಿದಾಳೆ."

"ನಿಮ್ಮ ಟೀಚರ್ ಗುರುತು ಈ ಊರಿನವರಿಗೆ ಗೊತ್ತು ಅಂತ ನಿಮಗೆ ಯಾರೇ ಹೇಳಿದ್ದು? ಸರ್ವಮಂಗಳಮ್ಮ ನಿನ್ನೆ ಮನೆ ಮುಂದೆ ಬಂದು ಇದನ್ನೇ ಕೇಳಿದ್ರು. ಆ ಊರಿಂದ ಬಂದ ಹೆಣ್ಣು ಈ ಬೀದೀಲಿ ಇನ್ಯಾರಿದಾಳೆ ಅಂದ್ರು. ನಮ್ಮತ್ತೆ ಆಗಿನಿಂದ ನನ್ನ ಹತ್ರ ಮಾತು ಬಿಟ್ಟಿದಾರೆ."

ನಾನು ಎಲ್ಲ ಹೇಳಿದೆ. ದೊಡ್ಡಿ, ಸೆರಗು, ಕನ್ನಡಕ, ಟೀಚರ್ ಹೇಳಿದ್ದು ಎಲ್ಲವನ್ನೂ. ಅವಳು ಕೊನೆಯವರೆಗೂ ಕೇಳಿದಳು. ಸಣ್ಣವರಿದ್ದಾಗ ನಾನು ಕದ್ದು ಬೆಲ್ಲ ತಿಂದು ಇಲ್ಲ ಎಂದರೆ ಹೀಗೆಯೇ ಕೇಳುತ್ತಿದ್ದಳು.

"ನಾನು ನಂಬ್ತೀನಿ ಅಂತಿಟ್ಕೋ" ಎಂದಳು. "ಈಗ ನಿನ್ನ ಜೊತೆ ಹೊರಟ್ರೆ ಏನಂತಾರೆ? ಕೆಲಸ ಮುಗೀತು, ತವರಿಗೆ ಹೋದ್ಲು ಅಂತಾರೆ. ಈ ಮಗು ಈ ಬೀದೀಲೇ ಬೆಳೀಬೇಕು ಕಣೇ."

"ಬಾಗಿಲಾದ್ರೂ ತೆಗಿಯೇ."

"ತೆಗೀಲಾರೆ. ತೆಗೆದ್ರೆ ನೀನು ಬಂದಿದ್ದೆ ಅಂತ ಆಗತ್ತೆ."

ನನಗೆ ಅಳು ಬಂತು, ಬಿಕ್ಕಳಿಕೆ ಹತ್ತಿತು. ಅಕ್ಕ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ತಂಬಿಗೆ ಸರಳುಗಳ ನಡುವೆ ತೂರಲಿಲ್ಲ. ಅತ್ತಿಂದಿತ್ತ ತಿರುಗಿಸಿ ನೋಡಿದಳು, ಆಗಲಿಲ್ಲ.

"ಕೈ ಒಡ್ಡು" ಎಂದಳು.

ಒಡ್ಡಿದೆ. ಅವಳು ಸರಳಿಗೆ ತಂಬಿಗೆಯ ಬಾಯಿ ತಾಗಿಸಿ ಬಾಗಿಸಿದಳು. ನಾನು ಆ ಬೀದಿಯಲ್ಲಿ ಬಗ್ಗಿ ನಿಂತು ಬೊಗಸೆಯಿಂದ ಕುಡಿದೆ. ಅಕ್ಕ ನೀರು ಹುಯ್ಯುತ್ತಲೇ ಇದ್ದಳು, ಕಣ್ಣು ಮಾತ್ರ ಬೀದಿಯ ಮೇಲಿತ್ತು.