ದಯಾಮಣಿ ಟೀಚರ್ ಗೋತ್ರ

ಊರಿನ ಮಕ್ಕಳಿಗೆಲ್ಲ ಪಾಠ ಹೇಳಿ ರಿಟೈರಾದ ದಯಾಮಣಿ ಟೀಚರಿಗೆ ಪಕ್ಕದ ಮನೆಯ ಪಂಕಜಮ್ಮನಿಗೆ ಸುವಾರ್ತೆ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಬಸವೇಶ್ವರನಗರದಲ್ಲಿ ಇಬ್ಬರೂ ಮನೆ ಕಟ್ಟಿದಾಗಿನಿಂದ ಕಾಂಪೌಂಡಿನ ಮೇಲೆ ಹುಳಿಯ ಡಬ್ಬಿ ಈಚೆಗೆ, ಕ್ರಿಸ್‌ಮಸ್ಸಿನ ಕಜ್ಜಾಯ ಆಚೆಗೆ ಓಡಾಡಿದ್ದವು. ಯೇಸು ಮಾತ್ರ ಗೋಡೆ ದಾಟಿರಲಿಲ್ಲ. ಹೇಳಿದರೆ ಎಲ್ಲಿ ಸ್ನೇಹ ಕೆಡುತ್ತದೋ ಎಂಬ ಹೆದರಿಕೆ.

ಆದರೆ ನಾಳೆ ಮಂಡಿಯ ಆಪರೇಷನ್. ಮಲಗಿಸಿದವರು ಎಬ್ಬಿಸದೇ ಹೋದರೆ? ಕರ್ತನು "ಪಕ್ಕದ ಮನೆಯವಳಿಗೆ ಹೇಳಿದೆಯಾ?" ಎಂದು ಕೇಳಿದರೆ "ಹುಳಿ ಚೆನ್ನಾಗಿತ್ತು ಸ್ವಾಮಿ" ಎನ್ನಲಾಗುತ್ತದೆಯೇ? ಸಂಜೆ ಕುಂಟುತ್ತಲೇ ಹೊರಟಳು.

ಪಂಕಜಮ್ಮನದು ಅಂತಿಂಥ ಭಕ್ತಿಯಲ್ಲ. ಸೋಮವಾರ ಈಶ್ವರ, ಗುರುವಾರ ರಾಯರು, ಶನಿವಾರ ಆಂಜನೇಯ, ನಡುವಿನ ದಿನಗಳಿಗೂ ಒಬ್ಬೊಬ್ಬರು. ವಾರದಲ್ಲಿ ಬಿಡುವಿದ್ದದ್ದು ಭಾನುವಾರ ಒಂದೇ. ಅದೇ ಯೇಸುವಿನ ದಿನ ಎಂಬುದು ದಯಾಮಣಿಗೆ ಕೊಂಚ ಧೈರ್ಯ ಕೊಟ್ಟಿತ್ತು.

ಯಾವ ಆಕ್ಷೇಪಕ್ಕೆ ಯಾವ ಉತ್ತರ ಎಂದು ಚರ್ಚಿನ ಸಭೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಈ ಮಹಾತಾಯಿ ಒಂದಾದರೂ ಆಕ್ಷೇಪ ಎತ್ತಬೇಕಲ್ಲ! ದೇವರು ನಮ್ಮನ್ನು ಪ್ರೀತಿಸುತ್ತಾನೆ ಅಂದರೆ, "ಮತ್ತೆ? ಅವನಿಗೆ ಇನ್ನೇನು ಕೆಲಸ?" ಸತ್ತು ಮೂರನೆಯ ದಿನ ಎದ್ದ ಅಂದರೆ, "ದೇವರಲ್ವೇ, ಏಳದೆ ಇರ್ತಾನಾ!" ಕೋಲು ಹಿಡಿದು ಹೋದರೆ ಹಾವೇ ಇಲ್ಲದಂತಾಯಿತು.

"ಹಾಗಲ್ಲ ಪಂಕಜಮ್ಮ, ಸರಿಯಾಗಿ ಕೇಳಿ," ದಯಾಮಣಿಯಲ್ಲಿ ಹಳೆಯ ಟೀಚರು ಎದ್ದು ನಿಂತಳು. "ನಾವು ಯಾರೋ ಎಲ್ಲಿಯೋರೋ. ಆತನ ಮನೇಲಿ ನಮಗೆ ಯಾವ ಹಕ್ಕೂ ಇರ್ಲಿಲ್ಲ. ಆದ್ರೂ ಇವರು ನಮ್ಮೋರು ಅಂತ ಒಳಗೆ ಸೇರಿಸ್ಕೊಂಡ. ಅದೇ ಸುವಾರ್ತೆ."

ಪಂಕಜಮ್ಮ ಕಾಫಿ ಲೋಟ ಕೆಳಗಿಟ್ಟಳು. ಮುಖ ಸಣ್ಣದಾಯಿತು. ಮುಗಿಯಿತು ಸ್ನೇಹ ಎಂದುಕೊಂಡಳು ದಯಾಮಣಿ.

"ಟೀಚರ್, ನಾನೂ ಒಂದು ಹೇಳ್ಬೇಕು, ಬೈಬೇಡಿ. ಬೆಳಿಗ್ಗೆ ದೇವಸ್ಥಾನದಲ್ಲಿ ನಿಮ್ಮ ಹೆಸರಲ್ಲಿ ಅರ್ಚನೆ ಮಾಡಿಸ್ಬಿಟ್ಟೆ. ಅರ್ಚಕರು ಗೋತ್ರ ಕೇಳಿದ್ರು. ನಿಮಗೆ ಎಲ್ಲಿಂದ ತರ್ಲಿ? ನಮ್ಮದೇ ಹೇಳ್ದೆ, ಭಾರದ್ವಾಜ."

"ನಿಮ್ಮದಾ?"

"ತಂಗಿ ಅಂದಿದ್ರೆ ಅವಳ ಗಂಡನ ಗೋತ್ರ ಯಾವುದು ಅನ್ನೋರು. ಅದಕ್ಕೇ ಓರಗಿತ್ತಿ ಅಂದೆ ಕಣ್ರೀ. ನಮ್ಮ ಯಜಮಾನರಿಗೆ ತಮ್ಮನೇ ಇಲ್ಲ ಅಂತ ಅವರಿಗೆ ಗೊತ್ತು, ಹುಬ್ಬು ಹಾರಿಸಿದ್ರು. ಇವತ್ತಿಂದ ಇದಾರೆ, ನೀವು ಮಂತ್ರ ಹೇಳಿ ಅಂದೆ!"

ಇದಕ್ಕೆ ಸಭೆಯಲ್ಲಿ ಯಾವ ಉತ್ತರವನ್ನೂ ಕಲಿಸಿರಲಿಲ್ಲ. ದಯಾಮಣಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಆಪರೇಷನ್ ಸುದ್ದಿಗೆ ಸ್ವಂತ ಓರಗಿತ್ತಿ ವಾಟ್ಸಾಪಿನಲ್ಲಿ ಕೈ ಮುಗಿದ ಚಿತ್ರ ಕಳಿಸಿ ಸುಮ್ಮನಾಗಿದ್ದಳು.

"ನಾನೂ ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ? ಯೇಸು ಹೆಸರಲ್ಲೇ ಮಾಡೋದು. ಬೇರೆ ಯಾರ ಹೆಸರಲ್ಲೂ ನನ್ನ ಕೈಲಾಗಲ್ಲ."

"ಮಾಡಿ ಮಾಡಿ. ಗೋತ್ರ ಹೇಳ್ಬೇಕಾ?"

"ಬೇಡ, ಹೆಸರು ಸಾಕು."

ಇಬ್ಬರೂ ಕಣ್ಣು ಮುಚ್ಚಿದರು. ಪಂಕಜಮ್ಮ ಒಂದು ಕಣ್ಣು ತೆರೆದಳು. "ಆದ್ರೂ ಅಡ್ರೆಸ್ ಹೇಳ್ಬಿಡಿ ಟೀಚರ್. ವಿಜಯನಗರ, ರಾಜಾಜಿನಗರ ಎಲ್ಲಾ ಸೇರಿದ್ರೆ ಪಂಕಜಾ ಅನ್ನೋರು ತುಂಬಾ ಜನ."

"ಕರ್ತನೇ," ಎಂದು ಶುರುಮಾಡಿದಳು ದಯಾಮಣಿ, "ಬಸವೇಶ್ವರನಗರದ ಪಂಕಜಾ, ನನ್ನ ಓರಗಿತ್ತಿ..."