ತೋಟದ ಹೆಂಗಸಿನ ಮುಖ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಚೂರಿನಿಂದ ಅತ್ತಿಗೆ ಪುಟ್ಟಿಯ ಅಂಗಿಯ ತೋಳನ್ನು ಉಜ್ಜುತ್ತಿದ್ದಳು. ಹಸಿರು ಬಣ್ಣ ಹೋಗುವ ಬದಲು ಹರಡುತ್ತಿತ್ತು. ಬೇರೆ ದಿನವಾಗಿದ್ದರೆ, ಚಿತ್ರಕ್ಕೆ ಎಷ್ಟು ಬಳಿದೆ, ಮೈಗೆ ಎಷ್ಟು ಬಳಿದುಕೊಂಡೆ ಎಂದು ರೇಗಿಸುತ್ತಿದ್ದಳು. ಇವತ್ತು ಕಲೆಯಿಂದ ಕಣ್ಣೆತ್ತಲಿಲ್ಲ.

ಪುಟ್ಟಿ ಎಣ್ಣೆಬಣ್ಣದ ತರಗತಿಗೆ ಸೇರಿದ್ದೇ ಅತ್ತಿಗೆಯಿಂದ. ಇಬ್ಬರೂ ಮನೆಯಲ್ಲೇ ಕೂತು ಅಂಗಡಿಯ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವವರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಅಣ್ಣ ಕೊಂಕು ತೆಗೆದಾಗ ಅತ್ತಿಗೆ ಅವನ ಬಾಯಿ ಮುಚ್ಚಿಸಿ, ಪುಟ್ಟಿಯ ಪಾಲಿನ ಅಂಗಿಗಳನ್ನೂ ತನ್ನ ಬುಟ್ಟಿಗೆ ಹಾಕಿಕೊಂಡಿದ್ದಳು.

ನಕಲು ಮಾಡಲು ಮೇಷ್ಟ್ರು ಕೊಟ್ಟದ್ದು ಇಂಪ್ರೆಷನಿಸ್ಟ್ ಶೈಲಿಯ ಒಂದು ತೋಟದ ಚಿತ್ರ. ದೂರದಿಂದ ನೋಡಿದರೆ ಬಿಸಿಲು, ಹೂವಿನ ಪೊದೆ, ಮರದ ನೆರಳಲ್ಲಿ ಕುಳಿತ ಹೆಂಗಸು. ಹತ್ತಿರ ಹೋದರೆ ಹೂವೂ ಇಲ್ಲ, ಎಲೆಯೂ ಇಲ್ಲ, ಬರೀ ಬಣ್ಣದ ಮುದ್ದೆಗಳು. ಹೆಂಗಸಿನ ಮುಖವೆಂದರೆ ಗುಲಾಬಿಯ ಒಂದು ಒತ್ತು, ಅದರ ಕೆಳಗೆ ನೀಲಿಯ ಒಂದು ಒತ್ತು. ಕಾಜಾ ಹೊಲಿದ ಕೈಗೆ ಅದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಂಡಿತು. ಇವತ್ತು ಮೇಷ್ಟ್ರು ಆಚೆ ಹೋದಾಗ ಪುಟ್ಟಿ ತನ್ನ ನಕಲಿನ ಮುಖಕ್ಕೆ ಸಣ್ಣ ಕುಂಚದಿಂದ ಕಣ್ಣು, ಮೂಗು, ಬಾಯಿ ಕೂರಿಸಿದಳು. ಹಸಿ ಬಣ್ಣದ ಮೇಲೆ ಕುಂಚ ಜಾರಿತು. ಹುಬ್ಬು ಗಂಟಿಕ್ಕಿತು, ತುಟಿ ಸೊಟ್ಟಗಾಯಿತು.

ಪಕ್ಕದಲ್ಲಿ ಕಲಿಯುತ್ತಿದ್ದ ಬ್ಯಾಂಕಿನ ಅಕ್ಕ ಬಗ್ಗಿ ನೋಡಿದಳು. "ಯಾರೇ ಇವಳು? ತೋಟದಲ್ಲಿ ಕೂತು ಯಾರ ಮೇಲೆ ಹಲ್ಲು ಕಡೀತಿದ್ದಾಳೆ?"

ಎಲ್ಲರೂ ತಿರುಗಿದರು. ಅಷ್ಟು ಮುಖಗಳು ಪುಟ್ಟಿಯ ಕಡೆ ತಿರುಗಿದ್ದು ಅದೇ ಮೊದಲು.

"ನಮ್ಮ ಅತ್ತಿಗೆ," ಎಂದುಬಿಟ್ಟಳು.

ನಕ್ಕರು. ಆ ನಗು ರುಚಿಸಿತು. ಸೂಜಿಗೆ ದಾರ ಪೋಣಿಸುವಾಗ ಅತ್ತಿಗೆ ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡುವುದನ್ನು ಮಾಡಿ ತೋರಿಸಿದಳು. "ಕಣ್ಣು ಕಾಣಲ್ಲ, ಒಪ್ಕೊಳ್ಳೋದೂ ಇಲ್ಲ. ದಾರ ಹೋಗ್ಲಿಲ್ಲ ಅಂದ್ರೆ ಸೂಜಿಯ ವಂಶಕ್ಕೆಲ್ಲ ಬೈಗುಳ."

ನಗು ಒಮ್ಮೆಲೇ ಸತ್ತಿತು. ಪುಟ್ಟಿ ತಿರುಗಿದರೆ ಬಾಗಿಲಲ್ಲಿ ಅತ್ತಿಗೆ. ಅಂಗಡಿಗೆ ಅಂಗಿ ಕೊಟ್ಟು ಬರುವ ದಾರಿಯಲ್ಲಿ ಚಿತ್ರ ನೋಡಿಕೊಂಡು ಹೋಗೋಣವೆಂದು ಬಂದಿದ್ದಳು. ಅವಳೂ ನಕ್ಕಳು, ತುಸು ತಡವಾಗಿ. ಯಾರೋ ಕುರ್ಚಿ ಎಳೆದರು, ಕೂರಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ ಆ ಮುಖವನ್ನು ನೋಡಿದಳು.

"ಹೂವು ಚೆನ್ನಾಗಿ ಬಂದಿವೆ," ಎಂದಳು.

ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅತ್ತ ಅತ್ತಿಗೆ ಮೆಟ್ಟಿಲಿಳಿಯುತ್ತಿದ್ದಂತೆ ಇತ್ತ ಬಣ್ಣದ ಚಾಕುವಿನಿಂದ ಚಿತ್ರದ ಮುಖವನ್ನು ಕೆರೆದು ತೆಗೆದಳು. ಅವಸರದಲ್ಲಿ ತೋಳು ಹಸಿರಿಗೆ ತಾಗಿದ್ದೂ ತಿಳಿಯಲಿಲ್ಲ. ಮನೆಯ ದಾರಿಯುದ್ದಕ್ಕೂ ಅತ್ತಿಗೆ ಮುಂದೆ, ಪುಟ್ಟಿ ಹಿಂದೆ.

ಈಗ ಅತ್ತಿಗೆ ಅಂಗಿಯನ್ನು ಕೊಡವಿ ಹಗ್ಗದ ಮೇಲೆ ಹರವಿದಳು. ಕೈ ತೊಳೆದುಕೊಂಡು ಬಂದು, ಬುಟ್ಟಿಯಿಂದ ಪುಟ್ಟಿಯ ಪಾಲಿನ ಅಂಗಿಯೊಂದನ್ನು ಮಡಿಲಿಗೆಳೆದುಕೊಂಡು ಕಿಟಕಿಯ ಬೆಳಕಿಗೆ ಸೂಜಿ ಹಿಡಿದಳು. ಎರಡು ಕಣ್ಣೂ ತೆರೆದೇ ಇದ್ದವು. ತುಟಿಗಳನ್ನು ನೇರವಾಗಿ, ಅಲುಗದಂತೆ ಬಿಗಿಹಿಡಿದಿದ್ದಳು. ದಾರ ಸೂಜಿಯ ಕಣ್ಣು ತಪ್ಪಿ ಆಚೆ ಹೋಯಿತು, ಈಚೆ ಹೋಯಿತು. ಬೈಗುಳ ಬರಲಿಲ್ಲ.

"ಸೂಜಿ ಇಲ್ಲಿ ಕೊಡಿ ಅತ್ತಿಗೆ," ಎಂದಳು ಪುಟ್ಟಿ.

ಅತ್ತಿಗೆ ದಾರದ ತುದಿಯನ್ನು ಮತ್ತೆ ನಾಲಿಗೆಗೆ ತಾಗಿಸಿದಳು.