ಮುಸುರೆಗೆ ಹೋದ ಬಲೂನು

ಮುಲುಂಡಿನ ಜಯಸಿಂಹ ಒಂದು ಮಂಗಳವಾರ ಟೆಲಿಫೋನ್ ತಂತಿಯೊಳಗೆ ಬಿಟ್ಟ ವಿಜ್ಞಾನದ ಪ್ರಶ್ನೆ ಎಷ್ಟು ಭಾರವಾಗಿತ್ತೆಂದರೆ, ಅದು ಘಾಟ್‌ಕೋಪರ್ ದಾಟಲಾರದೆ ತಂತಿಯಲ್ಲೇ ಸಿಕ್ಕಿಕೊಂಡು, ಅರ್ಧ ಮುಂಬಯಿಯ ಫೋನುಗಳು ಒಂದು ಹಗಲು ಒಂದು ರಾತ್ರಿ ಸತ್ತು ಬಿದ್ದಿದ್ದವು. ಭಾಂಡೂಪಿನ ಹತ್ತಿರ ತಂತಿ ಜೋತುಬಿದ್ದು, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಿದ್ದವರೆಲ್ಲ ತಲೆ ಬಗ್ಗಿಸಿ ಹೋಗಬೇಕಾಯಿತು. ಕೊನೆಗೆ ಇಲಾಖೆಯವರು ಬಂದು ಇಕ್ಕಳ ಹಾಕಿ ಎಳೆದರು. ಇಕ್ಕಳ ಮುರಿಯಿತು, ಪ್ರಶ್ನೆ ಮುರಿಯಲಿಲ್ಲ. ನಂಬದವರು ಜಯಸಿಂಹನನ್ನೇ ಕೇಳಬಹುದಿತ್ತು. ಕೇಳದವರಿಗೂ ಅವನು ಹೇಳುತ್ತಿದ್ದ.

ಪ್ರಶ್ನೆಗೂ ಫೋನಿಗೂ ಏನು ಸಂಬಂಧ ಎಂದರೆ, ಅದು ತೊಂಬತ್ತೆರಡರ ಮಾತು. ಜಯಸಿಂಹನ ಬಿಲ್ಡಿಂಗಿನಲ್ಲೇ ಇದ್ದ ಅವನ ಗೆಳೆಯ, ಬೆಂಗಳೂರಿನ ಎಂಜಿನಿಯರ್ ತಿರುಮಲೇಶ, ಮಲಗುವ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಅದಕ್ಕೆ ಮನೆಯ ಫೋನನ್ನೇ ಕಟ್ಟಿಹಾಕಿದ್ದ. ಊರಿನ ಯಾವ ಮೂಲೆಯಿಂದಲಾದರೂ ಕಂಪ್ಯೂಟರ್ ಉಳ್ಳವರು ಆ ನಂಬರಿಗೆ ಫೋನು ಮಾಡಿದರೆ ಯಂತ್ರ ಒಮ್ಮೆ ಕೀರಲು ದನಿಯಲ್ಲಿ ಕಿರುಚಿ ಬಾಗಿಲು ತೆಗೆಯುತ್ತಿತ್ತು. ಒಳಗೆ ಬಂದವರು ಬೇರೆಯವರು ಬರೆದಿಟ್ಟಿದ್ದನ್ನು ಓದಿ, ತಮ್ಮದೊಂದು ಮಾತು ಬರೆದಿಟ್ಟು ಹೊರಡಬೇಕು. ಒಂದು ಸಲಕ್ಕೆ ಒಬ್ಬರು. ಇದಕ್ಕೆ ಮುಲುಂಡ್ ಕಟ್ಟೆ ಎಂದು ಹೆಸರು. ತಿರುಮಲೇಶನ ಹೆಂಡತಿ ವನಮಾಲಾ ಮಾತ್ರ ಅದನ್ನು ಸವತಿ ಎನ್ನುತ್ತಿದ್ದಳು.

ಆ ಕಟ್ಟೆಯಲ್ಲಿ ವಿಜ್ಞಾನಕ್ಕೆಂದು ಒಂದು ವಿಭಾಗ. ಅದರ ಯಜಮಾನಿಕೆ ಬಣ್ಣದ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದ ಜಯಸಿಂಹನದು. ಯಾರು ಪ್ರಶ್ನೆ ಕಳಿಸಿದರೂ ಅದು ಮೊದಲು ಅವನ ಮುಂದೆ ಬಂದು ಕೈಕಟ್ಟಿ ನಿಲ್ಲಬೇಕು. ಅವನು ಕಣ್ಣು ಮುಚ್ಚಿ, ಮೂಗರಳಿಸಿ, ಮುದ್ರೆ ಒತ್ತುತ್ತಿದ್ದ. ಸುಲಭದ್ದು ಇಡ್ಲಿ. ಮಧ್ಯಮದ್ದು ವಡೆ. ಹಲ್ಲು ಮುರಿಯುವಂಥದ್ದು ಕೋಡುಬಳೆ. ಯೋಗ್ಯತೆಯೇ ಇಲ್ಲದ್ದು ಮುಸುರೆ. ಅದು ಕಟ್ಟೆ ಹತ್ತದೆ ಬಚ್ಚಲಿಗೆ ಹೋಗುತ್ತಿತ್ತು. ತನ್ನ ಮೂಗು ಇಡೀ ಏಷ್ಯಾ ಖಂಡದಲ್ಲೇ ಒಂದೇ ಎಂದು ಅವನು ನಂಬಿದ್ದ. ಇಡ್ಲಿ ಬೇಯಿಸುವುದು ತನ್ನ ಅಂತಸ್ತಿಗೆ ಕಡಿಮೆ ಎಂದು ಬರಬರುತ್ತ ಬರೀ ಕೋಡುಬಳೆ ಹಾಕತೊಡಗಿದ. ಮೊದಲು ಉತ್ತರಗಳು ನಿಂತವು, ಆಮೇಲೆ ಪ್ರಶ್ನೆಗಳು. ವಿಜ್ಞಾನದ ವಿಭಾಗಕ್ಕೆ ದಿನವೂ ಹೋಗುತ್ತಿದ್ದವನು ಜಯಸಿಂಹನೊಬ್ಬನೇ.

"ಸಿಂಹ, ಒಂದು ಮಾತು," ಎಂದ ತಿರುಮಲೇಶ, ಒಂದು ಸಂಜೆ ಲಿಫ್ಟಿನ ಹತ್ತಿರ. "ಶೇರು ಮಾರ್ಕೆಟ್‌ನೋರು ತಮಗೊಂದು ವಿಭಾಗ ಬೇಕು ಅಂತ ಪ್ರಾಣ ತಿಂತಿದಾರೆ. ಯಂತ್ರದಲ್ಲಿ ಜಾಗ ಇಲ್ಲ. ನಿನ್ನದು ಖಾಲಿ ಹೊಡೀತಿದೆ."

"ಖಾಲಿ ಅಲ್ಲ ಕಣೋ, ಗಂಭೀರ. ಜನ ಯೋಚನೆ ಮಾಡ್ತಿದಾರೆ."

"ಭಾನುವಾರ ಕಟ್ಟೆಯೋರ ಮೀಟಿಂಗ್ ತನಕ ಮಾಡ್ಲಿ. ಅಲ್ಲಿ ವಿಜ್ಞಾನದ ಮಾತು ಒಬ್ಬರೂ ಎತ್ತಲಿಲ್ಲ ಅಂದ್ರೆ ಸೋಮವಾರ ಶೇರಿನೋರಿಗೆ ಕೊಟ್ಟುಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ಜಯಸಿಂಹ ನಕ್ಕ. ಲಿಫ್ಟು ಏರುವಾಗ ಮಾತ್ರ ಭಾನುವಾರಕ್ಕೆ ಎಷ್ಟು ದಿನ ಉಳಿದಿವೆ ಎಂದು ಬೆರಳು ಮಡಚಿ ಎಣಿಸಿದ. ಆಫೀಸಿನಲ್ಲಿ ಅವನು ಡಬ್ಬಿಯ ಬಣ್ಣ ಹೊಂದಿತೋ ಇಲ್ಲವೋ ನೋಡುವವನು. ಅವನ ಮಾತಿಗೆ ಕಾಯುವವರು ಇಡೀ ಮುಂಬಯಿಯಲ್ಲಿ ಯಾರಾದರೂ ಇದ್ದರೆ ಅದು ಆ ಕಟ್ಟೆಯ ಮೇಲೆ ಮಾತ್ರ.

ಆ ಹೊತ್ತಿನಲ್ಲೇ ದೇವರು ಕಳಿಸಿದಂತೆ ಒಂದು ಪ್ರಶ್ನೆ ಬಂತು. ಕಳಿಸಿದವರು ಡಾಕ್ಟರ್ ಪಿ. ವಿ. ರಾವ್ ಎಂಬ ಹೊಸಬರು. 'ವೇಗ ಕುಂದುತ್ತಿರುವ ಮುಚ್ಚಿದ ಆವರಣದಲ್ಲಿ, ಸುತ್ತಲಿನ ಅನಿಲಕ್ಕಿಂತ ಕಡಿಮೆ ಸಾಂದ್ರತೆಯ ಕಾಯದ ಸ್ಥಾನಪಲ್ಲಟದ ದಿಕ್ಕನ್ನು ನಿರ್ಣಯಿಸಿ, ಕಾರಣ ನೀಡಿ.' ಜಯಸಿಂಹನ ಮೈ ಜುಮ್ಮೆಂದಿತು. ಎಂಥಾ ಭಾಷೆ! ಎಂಥಾ ತೂಕ! ಕೂಡಲೇ ಕೋಡುಬಳೆ ಮುದ್ರೆ ಒತ್ತಿ ಕೆಳಗೆ ಬರೆದ: 'ಇಂಥ ಪ್ರಶ್ನೆ ಶತಮಾನಕ್ಕೊಮ್ಮೆ ಹುಟ್ಟುತ್ತದೆ. ಉತ್ತರ ನನ್ನ ಬಳಿ ಇದೆ. ಭಾನುವಾರ ಬಿಚ್ಚಿಡುತ್ತೇನೆ. ಎಲ್ಲರೂ ಬನ್ನಿ.'

ಉತ್ತರ ಅವನ ಬಳಿ ಇರಲಿಲ್ಲ. ಮನೆಯ ಪುಸ್ತಕಗಳನ್ನೆಲ್ಲ ಅವನು ತಲೆಕೆಳಗು ಮಾಡಿದ. ಕೆಲವು ಪುಸ್ತಕಗಳು ನಾಚಿಕೊಂಡು ತಾವೇ ಮುಚ್ಚಿಕೊಂಡವು. ಕೊನೆಗೆ, ಪ್ರಶ್ನೆ ದೊಡ್ಡ ಪದಗಳಲ್ಲಿ ಬಂದಿದ್ದರೆ ಉತ್ತರವೂ ದೊಡ್ಡ ಪದಗಳಲ್ಲಿ ಹೋಗಲಿ, ಮೀಟಿಂಗಿನ ಹೋಟೆಲಿನಲ್ಲಿ ತಟ್ಟೆಗೆ ಇಡ್ಲಿ ಬರುವಷ್ಟರಲ್ಲಿ ಯಾರಿಗೆ ತಾನೆ ನೆನಪಿರುತ್ತದೆ ಎಂದು ಧೈರ್ಯ ತಂದುಕೊಂಡ.

ಮೀಟಿಂಗ್ ನಡೆಯುತ್ತಿದ್ದುದು ಗ್ರಾಂಟ್ ರೋಡಿನಲ್ಲಿ, ಕಾಂತಪ್ಪ ಶೆಟ್ಟರ ಹೋಟೆಲಿನಲ್ಲಿ. ಶೆಟ್ಟರು ಕಟ್ಟೆಯವರಿಗೆಂದೇ ಎರಡು ಕಲ್ಲುಮೇಜು ಜೋಡಿಸಿಡುತ್ತಿದ್ದರು. ಅವತ್ತು ಜನ ಎಷ್ಟು ಸೇರಿದ್ದರೆಂದರೆ ಬಾಗಿಲಿಂದ ಸ್ಟೇಷನ್ನಿನವರೆಗೆ ಸಾಲು ನಿಂತಿತ್ತು. ಜಯಸಿಂಹನಿಗೆ ಹಾಗೆ ಕಂಡಿತು. ಕುರ್ಚಿಗಳು ಮಾತ್ರ ಎರಡು ಖಾಲಿ ಉಳಿದಿದ್ದವು. ಶೇರಿನವರೂ ಬಂದು ಒಂದು ತುದಿಯಲ್ಲಿ, ಮನೆ ನೋಡಲು ಬಂದ ಹೊಸ ಬಾಡಿಗೆದಾರರ ಹಾಗೆ ಕೂತಿದ್ದರು. ಅವರ ಪಕ್ಕದಲ್ಲಿ ವಿನೋದಿನಿ. ಉಡುಪಿಯ ಕಡೆಯ ಹುಡುಗಿ, ಹಡಗಿನ ಆಫೀಸೊಂದರಲ್ಲಿ ಕಂಪ್ಯೂಟರ್ ಆಪರೇಟರ್. ಅವಳು ಕಳಿಸಿದ್ದನ್ನೆಲ್ಲ ಜಯಸಿಂಹ ತಪ್ಪದೆ ಮುಸುರೆಗೆ ಸುರಿದಿದ್ದ.

ಅವನು ಎದ್ದು ನಿಂತು ಜಡತ್ವ, ಸಾಂದ್ರತೆ, ಸಾಪೇಕ್ಷ, ನಿರಪೇಕ್ಷ ಎಂದು ಒಂದು ತಾಸಿನ ಮಾತಿನ ಸುರುಳಿಯನ್ನು ಗಂಟಲಿನಿಂದ ಬಿಚ್ಚತೊಡಗಿದ. ಕಾಫಿ ತಂದಿಟ್ಟ ಕಾಂತಪ್ಪ ಶೆಟ್ಟರು ಅಲ್ಲೇ ನಿಂತರು.

"ಅಲ್ಲ ಮಾರಾಯ್ರೆ, ಅದು ಹೋಗುದು ಎತ್ಲಾಗೆ? ಮುಂದೆಯಾ, ಹಿಂದೆಯಾ?"

"ಯಾವುದು?"

"ಅದೇ ನಿಮ್ಮ ಕಾಯ."

ಜಯಸಿಂಹ ಒಂದು ಗುಟುಕು ನೀರು ಕುಡಿದ. "ಮುಂದೆ. ಇನ್ನೆಲ್ಲಿಗೆ? ಬಸ್ಸು ಬ್ರೇಕ್ ಹಾಕಿದರೆ ನೀವು ಎಲ್ಲಿಗೆ ಹೋಗ್ತೀರಿ ಶೆಟ್ರೇ?"

"ಮುಂದಿನವರ ಮೈಮೇಲೆ."

"ಹಾಗೇ ಇದೂ."

"ಇಲ್ಲ ಸಾರ್," ಎಂದಳು ವಿನೋದಿನಿ. "ನನ್ನದು ಹಿಂದೆ ಬಂದಿತ್ತು."

"ನಿನ್ನದು ಯಾವುದಮ್ಮ?"

"ನನ್ನ ಬಲೂನು. ಮಳೆಗಾಲದಲ್ಲಿ ಬರೆದಿದ್ದೆ ಅಲ್ವಾ? ಚೌಪಾಟಿಯಲ್ಲಿ ಗ್ಯಾಸ್ ಬಲೂನು ತಗೊಂಡು ಟ್ಯಾಕ್ಸಿ ಹತ್ತಿದ್ದು, ಮಳೆ ಅಂತ ಗಾಜೆಲ್ಲ ಏರಿಸಿದ್ದು. ಟ್ಯಾಕ್ಸಿಯವ ಗಪ್ಪಂತ ಬ್ರೇಕ್ ಹಾಕಿದ. ನಾವೆಲ್ಲ ಮುಂದೆ ಮುಗ್ಗರಿಸಿದ್ದು, ಬಲೂನು ಮಾತ್ರ ಹಿಂದೆ ಬಂದು ನಮ್ಮ ಅತ್ತಿಗೆಯ ಮೂಗಿಗೆ ಬಡೀತು. ಯಾಕೆ ಅಂತ ಕೇಳಿದ್ದೆ. ನೀವು ಮುಸುರೆ ಅಂದ್ರಿ. ಸಣ್ಣ ಮಕ್ಕಳ ವಿಷಯ ಅಂತ ಬೇರೆ ಬರೆದ್ರಿ."

"ಅದಕ್ಕೂ ಡಾಕ್ಟರ್ ರಾವ್ ಅವರ ಪ್ರಶ್ನೆಗೂ..."

"ಡಾಕ್ಟರ್ ರಾವ್ ನಾನೇ ಸಾರ್. ಆವರಣ ಅಂದ್ರೆ ಟ್ಯಾಕ್ಸಿ, ಕಾಯ ಅಂದ್ರೆ ಬಲೂನು. ಅದೇ ಪ್ರಶ್ನೆಗೆ ಕೋಟು ಟೈ ಹಾಕಿ ಕಳಿಸಿದೆ. ಶತಮಾನಕ್ಕೊಮ್ಮೆ ಅಂದ್ರಿ!"

ಮೇಜಿನ ಸುತ್ತ ನಗು ಎದ್ದಿತು. ಶೇರಿನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಜಯಸಿಂಹನ ಕಿವಿ ಬಿಸಿಯಾಯಿತು. ಅದರ ಮೇಲೆ ದೋಸೆ ಹುಯ್ಯಬಹುದಿತ್ತು.

"ನೀನು ಸರಿಯಾಗಿ ನೋಡಿಲ್ಲಮ್ಮ," ಎಂದು ಅವನು ಪಕ್ಕದಲ್ಲಿದ್ದ, ಮುಚ್ಚಳ ತೆಗೆಯದ ಆರೆಂಜ್ ಶರಬತ್ತಿನ ಬಾಟ್ಲಿಯನ್ನು ಮೇಜಿನ ಮೇಲೆ ಮಲಗಿಸಿದ. "ಇದು ನಿನ್ನ ಟ್ಯಾಕ್ಸಿ. ಒಳಗಿರೋದೆಲ್ಲ ಮುಂದಕ್ಕೆ ಹೋಗುತ್ತೆ, ಎಲ್ಲರೂ ನೋಡಿ." ಬಾಟ್ಲಿಯನ್ನು ಭರ್ರನೆ ದೂಡಿ ತಟ್ಟನೆ ನಿಲ್ಲಿಸಿದ.

"ಶರಬತ್ತು ಮುಂದೆ ಹೋಯ್ತು, ಸರಿ," ಎಂದರು ಶೆಟ್ಟರು ಬಗ್ಗಿ ನೋಡುತ್ತ. "ಆ ಗಾಳಿಗುಳ್ಳೆ ಎಂತ ಹಿಂದೆ ಓಡಿದ್ದು?"

ಜಯಸಿಂಹ ಮತ್ತೆ ದೂಡಿದ. ಮೆಲ್ಲಗೆ ದೂಡಿದ. ಎಡಗೈಯಲ್ಲಿ ದೂಡಿದ. ಯಾವಾಗ ನಿಲ್ಲಿಸಿದರೂ ಗುಳ್ಳೆ ಅವನ ಮಾತು ಮೀರಿ ಹಿಂದಕ್ಕೇ ಓಡಿತು. ಆಮೇಲೆ ಬಾಟ್ಲಿ ಅವನ ಕೈಯಲ್ಲಿ ಉಳಿಯಲಿಲ್ಲ. ಎಲ್ಲರಿಗೂ ತಾವೊಂದು ಸಲ ದೂಡಬೇಕು. ಶೇರಿನವನೊಬ್ಬ "ಅರೇ, ನನಗೆ ಕೊಡ್ರಿ ಯಾರ್!" ಎಂದು ಕುರ್ಚಿಯಿಂದ ಎದ್ದೇಬಿಟ್ಟ. ಗಾಳಿಗೂ ತೂಕ ಇದೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಕೊನೆಗೆ ವಿನೋದಿನಿಯೇ ಹೇಳಿದಳು: "ದಾದರಿನಲ್ಲಿ ಲೋಕಲ್ ಬ್ರೇಕ್ ಹಾಕಿದಾಗ ನೋಡಿ, ದಪ್ಪಗಿನವರೆಲ್ಲ ಮುಂದೆ ನುಗ್ತಾರೆ, ನನ್ನಂಥವಳು ಸಂದಿಯಿಂದ ಹಿಂದೆ ಬಂದು ಬೀಳ್ತೇನೆ. ಟ್ಯಾಕ್ಸಿಯ ಗಾಳಿ ದಪ್ಪಗಿನವರು, ಬಲೂನು ನಾನು. ಹಾಗಿರಬಹುದಾ?"

ಹಾಗಿರಬಹುದು ಎಂದರು ಕೆಲವರು. ಗಾಳಿ ಹೇಗೆ ನುಗ್ಗುತ್ತದೆ ಎಂದರು ಉಳಿದವರು. ಇಡ್ಲಿ ಬಂದು ಆರಿತು. ಯಾರೂ ಮುಟ್ಟಲಿಲ್ಲ.

ತಿರುಮಲೇಶ ಮಾತ್ರ ಜಯಸಿಂಹನನ್ನೇ ನೋಡುತ್ತಿದ್ದ. "ಸಿಂಹ, ಉತ್ತರ ನಿನ್ನ ಹತ್ರ ಇದೆ ಅಂತ ಬರೆದಿದ್ದೆ."

"ಇರಲಿಲ್ಲ ಕಣೋ."

"ಮತ್ತೆ ಮುದ್ರೆ ಹೇಗೆ ಒತ್ತಿದೆ?"

ಜಯಸಿಂಹ ಬಾಟ್ಲಿಯ ಕಡೆ ನೋಡಿದ. ಸಿಕ್ಕಿಬಿದ್ದವನ ಮುಖಕ್ಕೆ ಬರುವ ಒಂದು ಥರದ ನೆಮ್ಮದಿ ಅವನ ಮುಖಕ್ಕೆ ಬಂತು. "ಯಾವಾಗ್ಲೂ ಒತ್ತೋ ಹಾಗೇ. ನನಗೆ ಉತ್ತರ ಗೊತ್ತಿದ್ರೆ ಇಡ್ಲಿ. ನನಗೆ ಗೊತ್ತಿಲ್ಲ, ಯಾವುದಾದ್ರೂ ಪುಸ್ತಕದಲ್ಲಿ ಇರೋ ಹಾಗೆ ಕಾಣುತ್ತೆ ಅಂದ್ರೆ ಕೋಡುಬಳೆ. ನನಗೂ ಗೊತ್ತಿಲ್ಲ, ಪುಸ್ತಕದಲ್ಲೂ ಇರೋ ಹಾಗಿಲ್ಲ ಅಂದ್ರೆ..."

"ಮುಸುರೆ," ಎಂದಳು ವಿನೋದಿನಿ.

"ವಡೆ?" ಎಂದು ಕೇಳಿದರು ಶೆಟ್ಟರು.

"ಅದು ಅರ್ಧಂಬರ್ಧ ಗೊತ್ತಿರೋದು."

"ಆ ಮುಸುರೆಯೆಲ್ಲ ಅಳಿಸಿಬಿಟ್ಯಾ?" ಎಂದ ತಿರುಮಲೇಶ.

"ಯಂತ್ರದಿಂದ ಅಳಿಸಿದೆ. ತಲೆಯಿಂದ ಹೋಗಲ್ಲ ಕಣೋ ಅವು. ಕೋಡುಬಳೆ ಒಂದೂ ನೆನಪಿಲ್ಲ. ಇವು ಹಲ್ಲುಜ್ಜುವಾಗ ಬರ್ತವೆ. ಹಾಲು ಉಕ್ಕುತ್ತೆ, ನೀರು ಯಾಕೆ ಹಾಗೆ ಉಕ್ಕಲ್ಲ? ಲೋಕಲ್ಲಿನ ಕಿಟಕಿಯಲ್ಲಿ ಕಂಬ ಎಲ್ಲ ಹಿಂದೆ ಓಡುತ್ತೆ, ಚಂದ್ರ ಯಾಕೆ ಮುಲುಂಡಿನ ತನಕ ಜೊತೆಗೇ ಬರ್ತಾನೆ? ಉಪ್ಪಿನ ಡಬ್ಬಿಗೆ ನಾಕು ಕಾಳು ಅಕ್ಕಿ ಹಾಕಿದ್ರೆ ಮಳೆಗಾಲದಲ್ಲೂ ಉಪ್ಪು ಯಾಕೆ ಉದುರುದುರಾಗಿರುತ್ತೆ?"

"ಹಾಲಿನದ್ದು ನಾನು ಹೇಳ್ತೇನೆ," ಎಂದು ಶೆಟ್ಟರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಅವರು ಹೇಳಿದ್ದನ್ನು ಶೇರಿನವನು ಒಪ್ಪಲಿಲ್ಲ. ಮೇಜು ಮತ್ತೆ ಹೊತ್ತಿಕೊಂಡಿತು.

ತಿರುಮಲೇಶ ಆ ಗದ್ದಲವನ್ನು ಸ್ವಲ್ಪ ಹೊತ್ತು ಕೇಳಿದ. "ವಿಭಾಗ ಇರಲಿ," ಎಂದ. "ಮುಸುರೆಯನ್ನೆಲ್ಲ ಸೋಮವಾರ ವಾಪಸ್ ಕಟ್ಟೆಗೆ ಹಾಕು. ಮುದ್ರೆ ಒತ್ತೋದು ಇನ್ನು ನೀನೊಬ್ಬನೇ ಅಲ್ಲ. ಒಂದು ವಾರ ಎಲ್ಲರೂ ಉತ್ತರ ಬರೀಲಿ, ಎಷ್ಟು ಜನ ಒದ್ದಾಡಿದರು ನೋಡಿ ಆಮೇಲೆ ಇಡ್ಲಿಯೋ ಕೋಡುಬಳೆಯೋ ಹೇಳೋಣ. ವಿನೋದಿನಿಯವರೂ ಜೊತೆಗಿರಲಿ."

"ಡಾಕ್ಟರ್ ರಾವ್ ಒಪ್ಪಿದ್ರೆ," ಎಂದ ಜಯಸಿಂಹ.

"ಅವರು ಒಪ್ಪಿದ್ದಾರೆ," ಎಂದಳು ವಿನೋದಿನಿ. ಆಮೇಲೆ ಆರಿದ ಇಡ್ಲಿ ಮುರಿಯುತ್ತ ಕೇಳಿದಳು: "ಸಾರ್, ಹಾಗಾದ್ರೆ ಆ ಘಾಟ್‌ಕೋಪರಿನಲ್ಲಿ ಸಿಕ್ಕಿಕೊಂಡ ಪ್ರಶ್ನೆ? ಅರ್ಧ ಮುಂಬಯಿಯ ಫೋನು ಸತ್ತದ್ದು?"

ಜಯಸಿಂಹ ಬಾಯಿ ತೆರೆದ. ಇಕ್ಕಳ, ಜೋತುಬಿದ್ದ ತಂತಿ, ಎಲ್ಲ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತವು.

"ರಸ್ತೆ ಅಗೆಯೋರು ನಮ್ಮ ಗೇಟಿನ ಹತ್ರ ಕೇಬಲ್ ಕಡಿದುಹಾಕಿದ್ರು," ಎಂದ. "ಸತ್ತದ್ದು ನಮ್ಮ ಬಿಲ್ಡಿಂಗಿನ ಫೋನುಗಳು ಮಾತ್ರ. ಸಂಜೆಗೆ ಸರಿಹೋಯ್ತು."

"ಪ್ರಶ್ನೆ?"

"ನಾನಿನ್ನೂ ಕಳಿಸಿರಲೇ ಇಲ್ಲಮ್ಮ."